ಜಾತ್ರಿ ನಾಟಕಕ್ಕ ಕಥಿ: ರಾಯಭಾರ ಕಚೇರಿ ಸಾಹೇಬನ ಹೆಂಡತಿನ್ನ ಹಳೇ ಗೆಳೆಯ ಬಿಡಿಸ್ಕೊಂಡು ಬರ್ತಾನ, ಇದು ನಡೀತೈತೇನ್ರಿ?

ಮುಧೋಳ ತಾಲೀಮು

ಎಲ್ಲಾರಿಗೂ ಶರಣ್ರಿ. ಈ ವರ್ಷ ನಮ್ಮೂರ ಬಸವಣ್ಣನ ಜಾತ್ರಿಗೆ ಹೊಸಾ ಸಾಮಾಜಿಕ ನಾಟಕ ಆಡೂಣು ಅಂತ ತರುಣ ಸಂಘದಾವ್ರು ನಿಕ್ಕಿ ಮಾಡ್ಯಾರ. ಅಚ್ಚಾದ ಪುಸ್ತಕ ತಂದು ಆಡಿದ್ದ ಆಡಾಕತ್ತೀವಿ. ಅತ್ತಿ-ಸೊಸಿ ಜಗಳ, ಗೌಡನ ದರ್ಪ, ಕುಡುಕ ಗಂಡ, ಎಲ್ಲಾ ಆಗಿ ಹೋಗ್ಯಾವ. ಮುಂದ ಕುಂತ ಮಂದಿ ನಮಗಿಂತ ಮೊದಲ ಮಾತು ಹೇಳ್ತಾರ. ಹಂಗಾಗಿ ಬರಿಯೂ ಕೆಲಸ ನನ್ನ ಕೊಳ್ಳಿಗೆ ಬಿದ್ದೈತಿ. ಕಥಿ ಹೇಳ್ತೀನಿ, ಹುಳುಕು ಇದ್ರ ಈಗ ಹೇಳ್ರಿ, ಜಾತ್ರ್ಯಾಗ ಹೇಳಬ್ಯಾಡ್ರಿ.

ನಾಯಕಿ ಗೌರಿ, ತಿಕೋಟಾ ಕಡೆ ದ್ರಾಕ್ಷಿ ತ್ವಾಟದ ರೈತನ ಮಗಳು. ಧಾರವಾಡದಾಗ ಎಂ.ಎ. ಓದೂ ಮುಂದ ಜೋಡಿ ಓದೂ ಹುಡುಗನ ಮ್ಯಾಲ ಮನಸ್ಸು. ಅಪ್ಪ ಒಪ್ಪಲಿಲ್ಲ. ವಿದೇಶಾಂಗ ಸೇವಾದಾಗ ಪಾಸಾದ ಬೆಳಗಾವಿ ವರ ಸಿಕ್ಕ, ಊರಿಗೂರ ನೋಡೂಹಂಗ ಲಗ್ನ ಆತು, ಯುರೋಪಿನ ಒಂದು ರಾಜಧಾನಿಗೆ ಹೋದ್ರು. ಅಲ್ಲಿ ಸಾಹೇಬ ಪಾರ್ಟ್ಯಾಗ ಹೆಂಡತಿ ಹೆಗಲ ಮ್ಯಾಲ ಕೈ ಇಟ್ಟು ಫೋಟೋ ತಗಸ್ಕೋತಾನ, ಮನಿಗೆ ಬಂದ ಮ್ಯಾಲ ಅದ ಕೈಲೆ ಹೊಡೀತಾನ. ಫೋನ್ ಕಸ್ಕೊಂಡಾನ. ಪಾಸ್‌ಪೋರ್ಟ್ ತಿಜೂರ್ಯಾಗ ಇಟ್ಟು ಕೀಲಿ ಹಾಕ್ಯಾನ. ಹಳೇ ಗೆಳೆಯ ಅದ ಊರಾಗ ಇಂಜಿನಿಯರ್ ಅದಾನ, ಒಂದಿನ ಕಿರಾಣಿ ಅಂಗಡ್ಯಾಗ ಆಕಿನ್ನ ನೋಡಿ ಗುರ್ತು ಹಿಡೀತಾನ. ಮೂರನೇ ಅಂಕದಾಗ ರಾತ್ರಿ ಬಂಗ್ಲೆ ಗ್ವಾಡಿ ಜಿಗದು, ನಾಕ ಮಂದಿ ಕಾವಲುಗಾರರನ್ನ ಬಡದು, ಗೌರಿನ್ನ ಎತ್ಕೊಂಡು ಬರ್ತಾನ. ಬೆಳಗಾವಿ ಸಾಂಬ್ರಾ ವಿಮಾನ ನಿಲ್ದಾಣದಾಗ ಅಪ್ಪ ಇಬ್ಬರನ್ನೂ ಅಪ್ಕೋತಾನ, ಖಳನಾಯಕಗ ಪೊಲೀಸರು ಬೇಡಿ ಹಾಕ್ತಾರ, ಮಂಗಳ.

ಹೆಸರು "ರಾಯಭಾರಿಯ ರಾಣಿ ಅರ್ಥಾತ್ ಗೆಳೆಯನ ಋಣ". ರಾಯಭಾರ ಕಚೇರ್ಯಾವ್ರನ್ನ ಪೊಲೀಸರು ಹಿಡಿಯಾಂಗಿಲ್ಲ ಅಂತ ಸಂಘದಾಗ ಒಬ್ಬರು ತಕರಾರು ತಗದಾರ. ಖರೇ ಏನ್ರಿ?

ಗೋಕಾಕ ಕರದಂಟು

ಕಾಕಾ, ನಾಕ ಮಂದಿ ಸಾಲಂಗಿಲ್ಲ, ಎಂಟ ಮಾಡ್ರಿ. ನಮ್ಮ ಗರಡಿ ಹುಡುಗ್ರು ಅದಾರ, ಊಟ ಹಾಕಿದ್ರ ಬರ್ತಾರ.

ರಬಕವಿ ಮಗ್ಗ

ಎಂಟ ಮಂದಿ ಕಾವಲಿಗೆ ಇರಾಕ ಅಂವೇನು ಪ್ರಧಾನಮಂತ್ರಿ ಏನ್ಪಾ?

ಮುಧೋಳದವ್ರ, ನಿಮ್ಮ ಹೆಸರಿನ್ಯಾಗ ಹುಳುಕು ಐತಿ. ರಾಯಭಾರಿ ಅಂದ್ರ ಇಡೀ ಕಚೇರಿಗೆ ಒಬ್ಬರ ಇರ್ತಾರ, ತಲಿ ಹಣ್ಣಾದ ಮ್ಯಾಲ ಸಿಗೂ ಕುರ್ಚಿ ಅದು. ಈಗ ಲಗ್ನ ಆದ ಹುಡುಗ ಅಂದ್ರ ಮೂರನೇ ಕಾರ್ಯದರ್ಶಿ, ಇಲ್ಲಾ ಎರಡನೇ ಕಾರ್ಯದರ್ಶಿ. ಅಂವಗ ಬಂಗ್ಲೆ ಎಲ್ಲಿಂದ ಬರತೈತಿ? ಬಾಡಿಗಿ ಫ್ಲ್ಯಾಟಿನ್ಯಾಗ ಇರ್ತಾನ. ನಿಮ್ಮ ನಾಯಕ ಗ್ವಾಡಿ ಜಿಗಿಯಾಂಗಿಲ್ಲ, ಲಿಫ್ಟಿನ ಮುಂದ ನಿಂದರ್ತಾನ.

ಟಿಳಕವಾಡಿ ವಕೀಲ

ನಮಸ್ಕಾರ. ತಕರಾರು ತಗದವರು ಖರೇನೇ ಹೇಳ್ಯಾರ, ಆದ್ರ ಅರ್ಧಾ ಹೇಳ್ಯಾರ.

1961ರ ವಿಯೆನ್ನಾ ಒಪ್ಪಂದ ಅಂತ ಒಂದದ. ಜಗತ್ತಿನ ಹೆಚ್ಚುಕಡಿಮಿ ಎಲ್ಲಾ ದೇಶಗಳೂ ಒಪ್ಪಿದ್ದು, ನಮ್ಮಲ್ಲಿ 1972ರಾಗ ಅದಕ್ಕ ಕಾಯ್ದೆನೂ ಆಗ್ಯದ. ಅದರ 29ನೇ ಕಲಮಿನ ಪ್ರಕಾರ ರಾಜತಾಂತ್ರಿಕ ಅಧಿಕಾರೀನ್ನ ಅವನು ಕೆಲಸಕ್ಕ ಹೋದ ದೇಶದ ಪೊಲೀಸರು ಬಂಧಿಸೋಹಂಗಿಲ್ಲ. 31ನೇ ಕಲಮಿನ ಪ್ರಕಾರ ಅಲ್ಲಿನ ಕೋರ್ಟು ಅವನ ಮ್ಯಾಲ ಕ್ರಿಮಿನಲ್ ಕೇಸು ನಡಸೋಹಂಗಿಲ್ಲ. 30ನೇ ಕಲಂ ನಿಮ್ಮ ಮೂರನೇ ಅಂಕಕ್ಕ ಕಲ್ಲು ಹಾಕ್ತದ: ಅವನು ಇರೋ ಮನೀಗೂ ಕಚೇರಿಗಿದ್ದಷ್ಟೇ ರಕ್ಷಣಾ ಅದ, ಬಾಡಿಗಿ ಫ್ಲ್ಯಾಟ್ ಇದ್ರೂ. ಒಪ್ಪಿಗಿ ಇಲ್ಲದ ಪೊಲೀಸರೇ ಒಳಗ ಕಾಲಿಡೋಹಂಗಿಲ್ಲ ಅಂದಮ್ಯಾಲ ನಿಮ್ಮ ನಾಯಕ ನುಗ್ಗಿದ್ರ ಏನಾಗ್ತದ? ಅವನ ಕಡೆ ಇರೋದು ನಮ್ಮ-ನಿಮ್ಮಂಥದ್ದೇ ನೀಲಿ ಪಾಸ್‌ಪೋರ್ಟು. ಬೇಡಿ ಬೀಳೋದು ಅವನ ಕೈಗೇ.

ಇನ್ನ ಅರ್ಧಾ ಕೇಳ್ರಿ. ಈ ವಿನಾಯಿತಿ ಆ ಮನುಷ್ಯಂದಲ್ಲ, ಅವನನ್ನ ಕಳಿಸಿದ ಸರ್ಕಾರದ್ದು. ಸರ್ಕಾರ ಮನಸ್ಸು ಮಾಡಿದ್ರ 32ನೇ ಕಲಮಿನ ಪ್ರಕಾರ ಅದನ್ನ ಬಿಟ್ಟುಕೊಡಬಹುದು. ಕೊಡದಿದ್ರ, 9ನೇ ಕಲಮಿನ ಪ್ರಕಾರ ಆ ದೇಶ ಕಾರಣ ಹೇಳದನ ಅವನನ್ನ ವಾಪಸ್ ಕಳಸ್ರಿ ಅನ್ನಬಹುದು. ಮತ್ತ ಸ್ವಂತ ದೇಶದ ಕೋರ್ಟಿನ ಮುಂದ ಈ ಒಪ್ಪಂದದ ರಕ್ಷಣಾ ಇಲ್ಲ, 31ನೇ ಕಲಮಿನ ನಾಲ್ಕನೇ ಉಪಕಲಂ ಅದನ್ನ ಬಿಡಿಸಿ ಹೇಳ್ತದ.

ಬರೇ ಪುಸ್ತಕದ ಮಾತಲ್ಲ ಇದು. 2010ರ ಕೊನೀಗೆ ಲಂಡನ್ನಿನ ನಮ್ಮ ಹೈ ಕಮಿಷನ್ನಿನ (ಅಲ್ಲಿ ರಾಯಭಾರ ಕಚೇರಿಗೆ ಹಂಗ ಅಂತಾರ) ಹಿರಿಯ ಅಧಿಕಾರಿಯೊಬ್ಬರ ಮ್ಯಾಲ ಹೆಂಡತಿಗೆ ಹೊಡೆದ ಆರೋಪ ಬಂತು. ವಿನಾಯಿತಿ ಬಿಟ್ಟುಕೊಡ್ರಿ ಅಂತ ಬ್ರಿಟನ್ ಕೇಳ್ತು. ನಮ್ಮ ಸರ್ಕಾರ ಅವರನ್ನ ದೇಶಕ್ಕ ವಾಪಸ್ ಕರಿಸ್ಕೊಳ್ತು.

ಮುಧೋಳ ತಾಲೀಮು

ಅಂದ್ರ ಖಳನಾಯಕ ವಿಮಾನ ಹತ್ತಿ ಆರಾಮ ಬಂದ, ನಾಯಕ ಜೇಲಿಗೆ ಹೋದ. ಇದನ್ನ ಆಡಿದ್ರ ಜಾತ್ರಿ ಮಂದಿ ನಮಗ ತೆಂಗಿನಕಾಯಿ ಒಗೀತಾರ್ರೀ ವಕೀಲರ.

ಗುಮ್ಮಟದ ಪಿಸುಮಾತು

ರಾಯಭಾರಿ, ಲಗ್ನ, ವಿಜಯಪುರ ಮೂರೂ ಕೂಡಿದ ಕಥಿ ನಮ್ಮಲ್ಲಿ ಮೊದಲ ಐತಿ. ಅಕ್ಬರ ಬಾದಶಹ ತನ್ನ ಮಗ ದಾನಿಯಾಲಗ ವಿಜಯಪುರದ ಸುಲ್ತಾನ ಎರಡನೇ ಇಬ್ರಾಹಿಂ ಆದಿಲಶಾಹನ ಮಗಳನ್ನ ತರಬೇಕಂತ ಮಾಡಿದ್ದ. ಆ ವ್ಯವಹಾರಕ್ಕ ಬಂದ ರಾಯಭಾರಿ ಅಸದ್ ಬೇಗ್. ಹುಡುಗೀನ್ನ ಕಳಿಸಿಕೊಡಾಕ ಇಲ್ಲಿಂದ ಹೋದಾವ್ರಾಗ ಇತಿಹಾಸ ಬರದ ಫಿರಿಶ್ತಾನೂ ಇದ್ದ. ವರ ಎಂಥಾಂವ ಅಂದ್ರ, ದಾರೂ ಬಂದ್ ಮಾಡಿ ಕಾವಲು ಇಟ್ರ ಬಂದೂಕಿನ ನಳಿಗ್ಯಾಗ ತುಂಬಿಸ್ಕೊಂಡು ತರಿಸಿ ಕುಡದಾಂವ. 1605ರಾಗ ಸತ್ತ, ಲಗ್ನ ಆಗಿ ಒಂದು ವರ್ಷ ಆಗಿತ್ತೋ ಇಲ್ಲೋ.

ಅದ ಅಸದ್ ಬೇಗ್ ವಿಜಯಪುರದಾಗ ತಂಬಾಕ ನೋಡಿ ಅಕ್ಬರಗ ಕಾಣಿಕಿ ಒಯ್ದಾನ. ತಂಬಾಕದ ಸುದ್ದಿ ಮಾತ್ರ ರಸವತ್ತಾಗಿ ಬರದಿಟ್ಟಾನ, ಬಾದಶಹ ಹೆಂಗ ಸೇದಿದ, ಹಕೀಮ ಏನಂದ, ಎಲ್ಲಾ.

ರಬಕವಿ ಮಗ್ಗ

ಗುಮ್ಮಟದವ್ರ, ಅದನ್ನ ನಾಟಕ ಮಾಡ್ರಲಾ. ಒಂಟಿ, ಆನಿ, ಬಂದೂಕು, ಎಲ್ಲಾ ಐತಿ. ಸೀನರಿ ಬಾಡಿಗಿ ಕೊಡೂದ್ರಾಗ ಸಂಘ ಮುಳುಗತೈತಿ.

ಪೇಟಿ ಮಾಸ್ತರ

ಎಲ್ಲಾ ಕಲಮು ಹೇಳಿದ್ರಿ, ಹಾಡು ಎಲ್ಲಿ ಐತಿ ಅಂತ ಒಬ್ಬರೂ ಹೇಳವಲ್ರಿ. ಏಣಗಿ ಬಾಳಪ್ಪನವ್ರು ಹುಟ್ಟಿದ ಜಿಲ್ಲಾ ನಮ್ಮದು. ಗೌರಿಗೆ ಮೂರು ಹಾಡು ಬೇಕು, ಅದರಾಗ ಒಂದ ಅಳೂ ಹಾಡು. ಎರಡ ಅಳೂ ಹಾಡಾದ್ರ ಮಂದಿ ಚಾದಂಗಡಿಗೆ ಎದ್ದು ಹೋಗತಾರ.

ಇಳಕಲ್ ಸೆರಗು

ಅಣ್ಣಾರ, ಒಂದು ಮಾತು ಹೇಳಲ್ಯಾ? ನಾನು ರಾಯಭಾರ ಕಚೇರ್ಯಾವ್ರ ಹೆಂಡತಿ ಅಲ್ಲ. ಆದ್ರ ಗಂಡನ ನೌಕರಿ ಮ್ಯಾಲ ವೀಸಾ ತಗೊಂಡು ಹೊರದೇಶದಾಗ ಇದ್ದು ಬಂದಾಕಿ. ನಿಮ್ಮ ಕಥ್ಯಾಗ ಖಳನಾಯಕ ಬರೇ ಹೊಡೀತಾನ. ಹೊಡೆತ ಕಾಣತೈತಿ ಅಂತ ಹಾಕೀರಿ. ಕಾಣದ್ದು ಭಾಳ ಐತಿ.

ಸಂತಿಗೆ ಹೋಗಿ ಬಂದ್ರ ಚೀಟಿ ತೋರಸಬೇಕು, ಹತ್ತ ಪೈಸಾ ಹೆಚ್ಚಾದ್ರ ವಿಚಾರಣಿ. ಅಲ್ಲಿ ಭಾಷಾ ಬರಂಗಿಲ್ಲ, ಕಲಿಯಾಕ ಬಿಡಂಗಿಲ್ಲ. ಸಾಹೇಬಗ ಆ ಭಾಷಾ ಸರ್ಕಾರ ಪಗಾರ ಕೊಟ್ಟು ಕಲಸತೈತಿ, ಹೆಂಡತಿಗೆ ಹಾಲಿನ ಪಾಕೀಟಿನ ಮ್ಯಾಲಿನ ತಾರೀಖು ಓದಾಕ ಬರಂಗಿಲ್ಲ. ಎರಡು ಮೂರು ವರ್ಷಕ್ಕ ವರ್ಗಾವಣಿ. ಒಬ್ಬಾಕಿ ಗೆಳತಿ ಆಗೂದ್ರಾಗ ಮತ್ತ ಪೆಟಗಿ ಕಟ್ಟಬೇಕು. ನೌಕರಿ ಬಿಡಿಸಿ ಕರಕೊಂಡು ಹೋಗಿರ್ತಾರ, ಕೈಯಾಗ ರೊಕ್ಕ ಇರಂಗಿಲ್ಲ. ಪಾರ್ಟ್ಯಾಗ ಮಾತ್ರ ನನ್ನಂಗ ಇಳಕಲ್ ಸೀರಿ ಉಟ್ಟು ನಿಂದರಬೇಕು, "ನಮ್ಮ ಕಡೆ ನೇಯೂದು, ಟೋಪಿ ತೆನಿ ಸೆರಗು" ಅಂತ ಪಾಠ ಒಪ್ಪಸಬೇಕು.

ಎಲ್ಲಾಕ್ಕಿಂತ ಕೆಟ್ಟದ್ದು ವಿಡಿಯೋ ಕಾಲ್. ತವರಿಗೆ ಫೋನ್ ಹಚ್ಚಿ ಕೊಡತಾನ, ಕ್ಯಾಮರಾ ಹಿಂದ ತಾನ ಕುಂದರ್ತಾನ. ಅವ್ವ ಕೇಳ್ತಾಳ, "ಆರಾಮ ಅದೀಯೇನವ್ವ?" ಇಕಿ ಅಂವನ ಮಾರಿ ನೋಡ್ಕೋತ "ಆರಾಮ ಅದೀನಿ" ಅಂತಾಳ. ಇದನ್ನ ಆಡ್ರಿ. ರಂಗದ ಎಡಕ್ಕ ತಿಕೋಟಾ, ಬಲಕ್ಕ ಯುರೋಪ್, ನಡುವ ಏನೂ ಬ್ಯಾಡ.

ಮುಧೋಳ ತಾಲೀಮು

ಅಕ್ಕಾರ, ಇದನ್ನ ಓದಿ ಸಂಘದಾವ್ರಿಗೆ ಓದಿ ತೋರಸಿದೆ. ಒಬ್ಬರೂ ಮಾತಾಡಲಿಲ್ಲ. ಹಾಕ್ತೀನಿ. ಆದ್ರ ಕ್ಯಾಮರಾ ಹಿಂದ ಗಂಡ ಕುಂತಿದ್ರ ಆಕಿ ಕಷ್ಟ ತವರಿಗೆ ಗೊತ್ತಾಗೂದು ಹೆಂಗ? ಅಂವನೂ ಬೆಳಗಾವ್ಯಾಂವ, ಕನ್ನಡ ಬರತೈತಿ.

ಇಳಕಲ್ ಸೆರಗು

ಹಳೇ ಮಾತು ಎತ್ತಬೇಕು. "ಅವ್ವಾ, ನಮ್ಮ ಕೆಂದಾಕಳ ಕರ ಹಾಕೇತೇನ?" ಅಂತ ಕೇಳಲಿ. ಆ ಆಕಳಾ ಗೌರಿ ಸಾಲಿಗೆ ಹೋಗೂ ಮುಂದ ಸತ್ತೈತಿ. ಗಂಡಗ ಅದೇನು ಗೊತ್ತಿರತೈತಿ? ಅವ್ವಗ ಗೊತ್ತಾಗತೈತಿ. ಫೋನ್ ಇಟ್ಟ ಮ್ಯಾಲ ಅವ್ವ ಅಪ್ಪಗ ಹೇಳಲಿ, "ಮಗಳಿಗೆ ಏನೋ ಆಗೇತಿ, ಸತ್ತ ಆಕಳಾ ಕೇಳಾಕತ್ತಾಳ."

ರಬಕವಿ ಮಗ್ಗ

ಮಗ್ಗ ನಿಂದರಿಸಿ ಓದಿದೆ ಬಾಯಾರ. ಇದರ ಮುಂದ ಗ್ವಾಡಿ ಜಿಗಿಯೂದು ಚುರುಮುರಿ ಆತು.

ಗೋಕಾಕ ಕರದಂಟು

ಎಲ್ಲಾ ಚಲೋ ಐತಿ, ಆದ್ರ ನಾಯಕ ಏನ್ ಮಾಡ್ತಾನ? ಆಕಳ ಸುದ್ದಿ ಕೇಳ್ಕೋತ ಕುಂದರ್ತಾನೇನು?

ಟಿಳಕವಾಡಿ ವಕೀಲ

ಕರದಂಟು ತಮ್ಮಾ, ನಾಯಕ ಏನ್ ಮಾಡಬಾರದು ಅನ್ನೋದು ಮೊದಲ ಹೇಳ್ತೀನಿ, ಯಾಕಂದ್ರ ಈ ಕಥ್ಯಾಗ ಖರೇ ಗಂಡಾಂತರ ಅಲ್ಲೇ ಅದ.

ಹಳೇ ಪ್ರೇಮಿ ಬಂದು ಬಿಡಿಸಿದ ಅಂದಕೂಡ್ಲೇ ಗಂಡನ ಕಡೆ ವಕೀಲಗ ಹಬ್ಬ. ಹೊಡೆದ ಮಾತು ಹಿಂದ ಸರೀತದ, "ಇಕಿ ಅವನ ಜೋಡಿ ಓಡಿ ಬಂದಾಳ" ಅನ್ನೋ ಮಾತು ಮುಂದ ಬರ್ತದ. ವ್ಯಭಿಚಾರ ಅಪರಾಧ ಅನ್ನೋ ಹಳೇ 497ನೇ ಕಲಂ ಸುಪ್ರೀಂ ಕೋರ್ಟು 2018ರಾಗ ತಗದುಹಾಕ್ಯದ, ಹೌದು. ಆದ್ರ ವಿಚ್ಛೇದನಕ್ಕ ಅದು ಇನ್ನೂ ಕಾರಣ ಆಗ್ತದ. ಜೀವನಾಂಶದ ಕಲಮಿನ್ಯಾಗ, ಮೊದಲ ದಂಡ ಪ್ರಕ್ರಿಯಾ ಸಂಹಿತೆಯ 125 ಇತ್ತು, ಈಗ ನಾಗರಿಕ ಸುರಕ್ಷಾ ಸಂಹಿತೆಯ 144 ಆಗ್ಯದ, ಅದರಾಗ ಹೆಂಡತಿ ವ್ಯಭಿಚಾರದಾಗ ಇದ್ದರ ಜೀವನಾಂಶ ಇಲ್ಲ ಅನ್ನೋ ಮಾತು ಹಂಗೇ ಉಳದದ. ಒಂದ ವಿಮಾನದಾಗ ಬಾಜೂಬಾಜೂ ಕೂತು ಬಂದ ಟಿಕೀಟು, ಒಂದ ಹೋಟೆಲಿನ ಬಿಲ್ಲು, ನಡುರಾತ್ರಿ ಮೆಸೇಜು, ಇವೆಲ್ಲಾ ಕೋರ್ಟಿನ್ಯಾಗ ಏನನ್ನೂ ಸಿದ್ಧ ಮಾಡದಿದ್ರೂ ಹೆಣ್ಣುಮಗಳ ಹೆಸರು ವರ್ಷಗಟ್ಟಲೆ ಎಳ್ಯಾಡಾಕ ಸಾಕು. ನಾ ಇಂಥಾ ಉಲಟ ತಪಾಸಣೆ ಕೇಳೀನಿ. ಪ್ರಶ್ನಾ ಕೇಳೂ ಧಾಟೀನೇ ಬ್ಯಾರೆ ಇರ್ತದ.

ಹಂಗಾರ ಆಕಿ ಹೊರಗ ಬರೋದು ಹೆಂಗ? ಪೊಲೀಸರು ಒಳಗ ಹೋಗೋಹಂಗಿಲ್ಲ ಅಂದೆ. ಆದ್ರ ಆಕಿ ಹೊರಗ ಬಂದ್ರ ತಡಿಯೋ ಕಲಂ ವಿಯೆನ್ನಾ ಒಪ್ಪಂದದಾಗ ಎಲ್ಲೂ ಇಲ್ಲ. ಹೊಸ್ತಿಲಾ ದಾಟೋದು ಆಕಿ ಕಾಲಾಗ ಅದ. ಯುರೋಪಿನ್ಯಾಗ ತುರ್ತು ನಂಬರು 112, ನಮ್ಮಲ್ಲೂ ಈಗ 112ನೇ. ಆಕಿ ಫೋನ್ ಮಾಡಿದ್ರ ಪೊಲೀಸರು ಬಾಗಿಲ ಮಟ ಬರ್ತಾರ, ಆಕಿ ಹೊರಗ ಬಂದ್ರ ಕರಕೊಂಡು ಹೋಗ್ತಾರ, ಹೊಡೆತದ ಗುರ್ತು ದವಾಖಾನ್ಯಾಗ ದಾಖಲಾಗ್ತದ. ಅವನನ್ನ ಹಿಡಿಯೋಹಂಗಿಲ್ಲ ಅಷ್ಟ. ಆ ದವಾಖಾನಿ ಕಾಗದ ಊರಿಗೆ ಬಂದಮ್ಯಾಲ ಬಂಗಾರ ಆಗ್ತದ.

ಇನ್ನ ಪಾಸ್‌ಪೋರ್ಟು. ಆಕಿ ಕಡೆ ಇರೋದು ಮರೂನ್ ಬಣ್ಣದ ರಾಜತಾಂತ್ರಿಕ ಪಾಸ್‌ಪೋರ್ಟು. 1967ರ ಕಾಯ್ದೆ ಪ್ರಕಾರ ಪಾಸ್‌ಪೋರ್ಟು ಭಾರತ ಸರ್ಕಾರದ ಆಸ್ತಿ, ಗಂಡನ ತಿಜೂರಿ ಆಸ್ತಿ ಅಲ್ಲ. ಅದು ಸಿಗದಿದ್ರ ಊರಿಗೆ ಬರಾಕ ತುರ್ತು ಪ್ರಮಾಣಪತ್ರ ಅಂತ ಕೊಡ್ತಾರ, ಒಂದ ಸಲ ದೇಶಕ್ಕ ಬರಾಕ ಅಷ್ಟ ಅದು ನಡೀತದ. ಆದ್ರ ಕೊಡೋರು ಯಾರು? ಅದ ರಾಯಭಾರ ಕಚೇರಿ. ಗಂಡ ದಿನಾ ಹೋಗಿ ಕೂಡೋ ಕಚೇರಿ. ನಾಟಕಕಾರರ, ನಿಮ್ಮ ಮೂರನೇ ಅಂಕ ಆ ಕೌಂಟರಿನ ಮುಂದ ಅದ, ಗ್ವಾಡಿ ಮ್ಯಾಲ ಇಲ್ಲ.

ಮುಧೋಳ ತಾಲೀಮು

ವಕೀಲರ, ಎದಿ ಝಲ್ ಅಂತು. ಗಂಡನ ಸಹೋದ್ಯೋಗಿ ಕೌಂಟರಿನ್ಯಾಗ, ಇಕಿ ಅರ್ಜಿ ಹಿಡಕೊಂಡು ಹೊರಗ. ಬರೀತೀನಿ.

ಗೋಕಾಕ ಕರದಂಟು

ಹಂಗಾದ್ರ ನಾಯಕ ಕೊರಿಯರ್ ಹುಡುಗ ಆದ ನೋಡ್ರಿ. ಪೋಸ್ಟರಿನ್ಯಾಗ ಅಂವನ ಫೋಟೋ ಎಲ್ಲಿ ಹಾಕ್ತೀರಿ?

ಬಣ್ಣದಾಕಿ

ಎಲ್ಲಾರಿಗೂ ನಮಸ್ಕಾರ. ಇಷ್ಟೊತ್ತು ಸುಮ್ಮನ ಓದಾಕತ್ತಿದ್ದೆ. ನಾನು ಜಾತ್ರಿ ನಾಟಕಕ್ಕ ಹೋಗೂ ಕಲಾವಿದೆ. ಬಾಗಲಕೋಟಿ, ವಿಜಯಪುರ, ಬೆಳಗಾವಿ ಮೂರೂ ಜಿಲ್ಲಾದಾಗ ನಾ ಬಣ್ಣ ಹಚ್ಚದ ತಾಲೂಕ ಇಲ್ಲ. ಬನಶಂಕರಿ ಜಾತ್ರ್ಯಾಗ ನಾಟಕ ಕಂಪನಿಯೊಳಗೂ ಮಾಡೀನಿ. ಹೊಡಿಸ್ಕೊಳ್ಳೂ ಹೆಂಡತಿ ಪಾರ್ಟು ಎಷ್ಟ ಮಾಡೀನಿ ಅಂತ ಲೆಕ್ಕ ಇಟ್ಟಿಲ್ಲ. ಅದಕ್ಕ ನಾಕ ಮಾತು.

ಹೊಡೆಯೂ ಸೀನ್ ಬಂದಾಗ ಏನಾಗತೈತಿ ಗೊತ್ತೇನ್ರಿ? ಮುಂದಿನ ಸಾಲಿನ್ಯಾಗ ಸೀಟಿ ಹೊಡೀತಾರ. ಎಲ್ಲಾರೂ ಅಲ್ಲ, ಹತ್ತಿಪ್ಪತ್ತ ಹುಡುಗ್ರು. ಖಳನಾಯಕ ಊರಾನ ಹುಡುಗ ಇರ್ತಾನ, ಅಂವನ ಗೆಳ್ಯಾರು "ಹಾಕೋ ಇನ್ನೊಂದು" ಅಂತಾರ. ಅಂವ ಉಮೇದಿಲೆ ಖರೇನ ಹೊಡೀತಾನ. ಅದರ ನಡುವ ಮೈಕಿನ್ಯಾಗ ಆಹೇರಿ ಕೂಗ್ತಾರ, "ಇಂಥಾವ್ರು ಖಳನಾಯಕನ ಅಭಿನಯ ಮೆಚ್ಚಿ ಐದುನೂರಾ ಒಂದು ರೂಪಾಯಿ." ನಾನು ನೆಲದ ಮ್ಯಾಲ ಬಿದ್ದಾಕಿ ಎದ್ದು ನಿಂದರಬೇಕು, ಅಂವ ಟಾವೆಲ್ ಹೊದ್ದು ರೊಕ್ಕ ತಗೊಂಡು ನಮಸ್ಕಾರ ಮಾಡಬೇಕು, ಮತ್ತ ನಾನು ಬಿದ್ದಲ್ಲೇ ಹೋಗಿ ಬೀಳಬೇಕು. ನಗಬ್ಯಾಡ್ರಿ, ಹಿಂಗ ನಡಿಯೂದು. ಅದಕ್ಕ ಇಳಕಲ್ ಅಕ್ಕಾರ ಹೇಳಿದ್ದು ನನಗ ಭಾಳ ಸೇರಿತು. ವಿಡಿಯೋ ಕಾಲಿಗೆ ಯಾರೂ ಸೀಟಿ ಹೊಡಿಯಾಂಗಿಲ್ಲ. ಹೊಡೆತ ಒಳಗ ಆಗಲಿ, ಪಡದೆ ಹಿಂದ. ಮಂದಿಗೆ ಬರೇ ತಬಲಾ ಕೇಳಲಿ.

ಎರಡನೇದು ಹಳೇ ಗೆಳೆಯ. ವಕೀಲರು ಅಂವನ್ನ ಬ್ಯಾಡ ಅಂದಂಗ ಮಾಡ್ಯಾರ. ನನಗ ಬೇಕು. ಕಾಯ್ದೆದಾಗ ಅಂವ ತೊಡರು ಇರಬಹುದು, ನಾಟಕದಾಗ ಅಂವ ಇಲ್ಲಂದ್ರ ಗೌರಿಗೆ ತಾ ಮೊದಲ ಯಾರಿದ್ದೆ ಅನ್ನೂದ ನೆನಪು ಆಗಂಗಿಲ್ಲ. ಕಿರಾಣಿ ಅಂಗಡ್ಯಾಗ ಭೆಟ್ಟಿ ಆಗಲಿ. ಅಂವ ಗುರ್ತು ಹಿಡದು "ಏ ಗೌರಿ, ಈಗೂ ಕವಿತಾ ಬರೀತೀಯೇನು?" ಅಂತ ಕೇಳಲಿ. ಗಂಡ ಆಕಿನ್ನ ಮಂದಿ ಮುಂದ "ಮಿಸೆಸ್" ಅಂತಾನ, ಮನ್ಯಾಗ ಏನೇನೋ ಅಂತಾನ, ಬರೇ ಹೆಸರ ಹಿಡದು ಯಾರೂ ಕರದಿಲ್ಲ ಎಷ್ಟೋ ದಿನದಿಂದ. ಅಲ್ಲೇ ನನಗ ಹಾಡು ಬೇಕು ಮಾಸ್ತರ, ಅಳೂದಲ್ಲ.

ಅಂವ "ನಡಿ, ನಾ ಅದೀನಿ" ಅನ್ನಲಿ. ನಾಯಕ ಅಂದಮ್ಯಾಲ ಅನ್ನಾಕ ಬೇಕು. ಗೌರಿ ಅನ್ನಲಿ: "ನೀ ಕರಕೊಂಡು ಹೋದ್ರ ನಾ ಓಡಿ ಬಂದಾಕಿ ಆಗ್ತೀನಿ. ನಾ ನಡದು ಹೋಗಬೇಕು. ನನ್ನ ಅಪ್ಪಗ ಫೋನ್ ಮಾಡು, ನನ್ನ ಹೊಡೆತ ಅಂವಗ ಹೇಳು, ಇಷ್ಟ ಮಾಡು." ಇಲ್ಲೇ ನಾಯಕನ ದೊಡ್ಡ ಸೀನ್ ಐತಿ ಕರದಂಟು ತಮ್ಮಾ. ತನ್ನನ್ನ ಬಾಗಿಲದಿಂದ ಹೊರಗ ಹಾಕಿದ ಮುದುಕಗ ಅಂವ ಫೋನ್ ಹಚ್ಚಬೇಕು. "ಕಾಕಾ, ನಾನು. ಇಡಬ್ಯಾಡ್ರಿ." ಮುದುಕ ಇಡತಾನ. ಮತ್ತ ಹಚ್ಚತಾನ. ಮತ್ತ ಇಡತಾನ. ಚಲೋ ನಟ ಸಿಕ್ರ ಎಂಟ ಮಂದಿ ಗರಡಿ ಹುಡುಗ್ರಕಿಂತ ಜೋರ್ ಇರತೈತಿ ಇದು.

ಕಡೀ ಮಾತು. ನಿಮ್ಮ ಕಥ್ಯಾಗ ಅಪ್ಪ ಇಬ್ಬರನ್ನೂ ಅಪ್ಕೊಂಡು ಮಂಗಳ ಆಗತೈತಿ, ಅಂದ್ರ ಮುಂದ ಇಬ್ಬರ ಲಗ್ನನ. ಒಂದು ಲಗ್ನದಿಂದ ಎದ್ದು ಬಂದಾಕಿನ್ನ ಮರುದಿನ ಇನ್ನೊಂದು ಹಸಿಮಣಿ ಮ್ಯಾಲ ಯಾಕ ಕೂಡಸ್ತೀರಿ? ಮೈಯಾಗಿನ ನೋವು ಇಳೀಲಿ.

ಪೇಟಿ ಮಾಸ್ತರ

ತಂಗಿ, ಕಿರಾಣಿ ಅಂಗಡಿಗೆ ಭೀಮಪಲಾಸ್ ರಾಗ ಹಾಕ್ತೀನಿ. ಕವಿತಾ ಅಂದಿ ಅಂದ್ರ ಭಾವಗೀತಿ ಧಾಟಿ ಆಗಬೇಕು, ಕಂಪನಿ ಧಾಟಿ ಹೊಂದಂಗಿಲ್ಲ.

ಗೋಕಾಕ ಕರದಂಟು

ಸರಿ ಅಕ್ಕಾ. "ಮತ್ತ ಇಡತಾನ" ಅಂದಾಗ ನನಗ ಏನೋ ಆತು. ಆದ್ರೂ ಒಂದ ಫೈಟ್ ಇಡ್ರಿ, ಹಾಸ್ಯದಾಗರ ಇಡ್ರಿ.

ಗುಮ್ಮಟದ ಪಿಸುಮಾತು

ಬಣ್ಣದಾಕಿಯವ್ರು ಹೇಳಿದ್ದು ಒಪ್ಪಿದೆ, ಆದ್ರ ಅಪ್ಪನ್ನ ಅಷ್ಟು ಕೆಟ್ಟಾಂವ ಮಾಡಬ್ಯಾಡ್ರಿ. ನಮ್ಮ ಕಡೆ ಅಪ್ಪಂದಿರು ಮಗಳಿಗೆ ದೊಡ್ಡ ನೌಕರಿ ವರ ನೋಡೂದು ಬರೇ ಪ್ರತಿಷ್ಠಾಕ್ಕಲ್ಲ. ಬರಗಾಲ ಕಂಡ ಮಂದಿ. ತಿಂಗಳಾ ಪಗಾರ ಬರೂ ಮನಿ ಅಂದ್ರ ಮಳಿ ಬರಲಿ ಬಿಡಲಿ ಮಗಳು ಉಣ್ಣತಾಳ ಅನ್ನೂ ಲೆಕ್ಕ. ಮುದುಕಗ ಆ ಮಾತು ಹೇಳಾಕ ಒಂದು ಜಾಗಾ ಕೊಡ್ರಿ.

ಮುಧೋಳ ತಾಲೀಮು

ಕೊಡ್ತೀನ್ರಿ. ಈಗ ಹಿಂಗ ಐತಿ ಕಥಿ. ಮೊದಲನೇ ಅಂಕ ವಿಡಿಯೋ ಕಾಲ್, ಸತ್ತ ಆಕಳಾ. ಎರಡನೇದು ಕಿರಾಣಿ ಅಂಗಡಿ, ಮತ್ತ ಮುದುಕಗ ಫೋನ್. ಮೂರನೇದ್ರಾಗ ಗೌರಿ ತಾನ ಬಾಗಿಲಾ ತಗದು ಹೊರಗ ಬರ್ತಾಳ, 112ರ ಪೊಲೀಸರು ಹೊಸ್ತಿಲದಾಚಿ ನಿಂತಿರ್ತಾರ. ಸಾಹೇಬ ಒಳಗ ನಿಂತು "ನಾ ರಾಜತಾಂತ್ರಿಕ, ನನ್ನ ಮುಟ್ಟೂಹಂಗಿಲ್ಲ" ಅಂತ ಒದರ್ತಾನ. ಪೊಲೀಸ ಅಂತಾನ, "ನಿಮ್ಮನ್ನ ಯಾರು ಮುಟ್ಟಾಕತ್ತಾರ? ಆಕಿಗೆ ದಾರಿ ಬಿಡ್ರಿ." ಆಮ್ಯಾಲ ಕೌಂಟರಿನ ಸೀನು. ಅಲ್ಲಿ ಸಿಕ್ಕೊಂಡೀನಿ. ಗಂಡನ ಕಚೇರ್ಯಾವ್ರು ಆಕಿಗೆ ಕಾಗದ ಯಾಕ ಕೊಡ್ತಾರ?

ಟಿಳಕವಾಡಿ ವಕೀಲ

ರಾಯಭಾರಿ ಹೆಣ್ಣುಮಗಳು ಇರಲಿ. ಮಗ್ಗದವರು ಅಂದಂಗ ಕಚೇರಿಗೆ ಒಬ್ಬರೇ ರಾಯಭಾರಿ, ಗಂಡ ಅವರ ಕೈಕೆಳಗಿನಾಂವ.

ಇದು ಹಾರಿಸಿದ ಮಾತಲ್ಲ. ವಿದೇಶಾಂಗ ಸೇವೆಗೆ ಸೇರಿದ ಮೊದಲನೇ ಹೆಣ್ಣುಮಗಳು ನಮ್ಮ ಕೊಡಗಿನ ಸಿ.ಬಿ. ಮುತ್ತಮ್ಮ. 1949ರಾಗ ಸೇರಿದ್ರು, ಮುಂದ ಹಂಗೇರಿಗೆ ರಾಯಭಾರಿ ಆದ್ರು. ಆಗಿನ ನಿಯಮ ಹೆಂಗಿತ್ತು ಅಂದ್ರ, ಆ ಸೇವಾದಾಗಿನ ಹೆಂಗಸು ಲಗ್ನ ಆಗಬೇಕಾದ್ರ ಸರ್ಕಾರದ ಲಿಖಿತ ಒಪ್ಪಿಗಿ ಬೇಕು. ಲಗ್ನ ಆದಮ್ಯಾಲ ಸಂಸಾರದಿಂದ ಕೆಲಸಕ್ಕ ಅಡ್ಡಿ ಆಗ್ತದ ಅಂತ ಸರ್ಕಾರಕ್ಕ ಅನಿಸಿದ್ರ ರಾಜೀನಾಮಿ ಕೇಳಬಹುದಿತ್ತು. ಗಂಡಸರಿಗೆ ಆ ನಿಯಮ ಇರಲಿಲ್ಲ. ಅವರಿಗೆ ಬಡ್ತಿ ತಪ್ಪಿತು, ಸುಪ್ರೀಂ ಕೋರ್ಟಿಗೆ ಹೋದ್ರು. 1979ರಾಗ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಆ ನಿಯಮಗಳನ್ನ ಚಲೋ ಝಾಡಿಸಿದ್ರು. ಕೇಸು ಮುಗಿಯೋದ್ರಾಗ ಸರ್ಕಾರ ಬಡ್ತಿನೂ ಕೊಟ್ಟಿತ್ತು. ನಿಮ್ಮ ರಾಯಭಾರಿ ಬಾಯಿ ಈ ಮುತ್ತಮ್ಮನವರ ಫೋಟೋ ಖೋಲ್ಯಾಗ ಇಟ್ಟಿರಲಿ.

ಆಕಿ ದೇವತಾ ಆಗಬಾರದು, ಅದೊಂದು ನೆನಪಿಡ್ರಿ. ಮೊದಲ "ಮನಿ ಮಾತು ಮನ್ಯಾಗ ಇರಲಿ, ದೇಶದ ಮರ್ಯಾದಿ ಪ್ರಶ್ನಾ" ಅಂತ ಆಕಿನೂ ಅನ್ನಲಿ. ಅಷ್ಟರಾಗ ತಿಕೋಟಾದ ಅಪ್ಪ ಕೊಟ್ಟ ದೂರು ದಿಲ್ಲಿಯಿಂದ ಬಂದು ಮುಟ್ಟಲಿ. ರಾಷ್ಟ್ರೀಯ ಮಹಿಳಾ ಆಯೋಗದಾಗ ಅನಿವಾಸಿ ಭಾರತೀಯರ ಲಗ್ನದ ತಕರಾರಿಗೆ ಬ್ಯಾರೆ ವಿಭಾಗನೇ ಅದ. ವಿದೇಶಾಂಗ ಸಚಿವಾಲಯದ ಮದದ್ ಅನ್ನೋ ದೂರಿನ ಜಾಲತಾಣ 2015ರಿಂದ ಅದ. ಗಂಡಗ ಪಗಾರ ಕೊಡೋ ಸಚಿವಾಲಯಕ್ಕೇ ಗಂಡನ ಮ್ಯಾಲ ದೂರು, ನೋಡ್ರಿ ಮಜಾ. ಆದ್ರ ಕಾಗದ ದಾಖಲಾತು ಅಂದ್ರ "ನಮಗ ಗೊತ್ತಿರಲಿಲ್ಲ" ಅನ್ನಾಕ ಯಾರಿಗೂ ಬರಂಗಿಲ್ಲ. ಸಹಿ ಮಾಡಸೋದು ಆ ಕಾಗದ.

ಊರಿಗೆ ಬಂದಮ್ಯಾಲ ಬೇಡಿ ಬ್ಯಾಡ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಪ್ರಕಾರ ಆಕಿ ತವರಿನಾಗ ಇದ್ರ ವಿಜಯಪುರದ ಮ್ಯಾಜಿಸ್ಟ್ರೇಟರ ಮುಂದೇ ಅರ್ಜಿ ಹಾಕಬಹುದು, ಗಂಡ ಇರೋ ಊರಿಗೆ ಅಲಿಯೋದು ಬ್ಯಾಡ. ಕ್ರೌರ್ಯದ ಕೇಸನ್ನೂ ಆಸರ ಪಡದ ಊರಾಗೇ ಹಾಕಬಹುದು ಅಂತ 2019ರಾಗ ಸುಪ್ರೀಂ ಕೋರ್ಟು ಹೇಳ್ಯದ. ಮೊದಲ ದಂಡ ಸಂಹಿತೆಯ 498ಎ ಇದ್ದದ್ದು ಈಗ ಭಾರತೀಯ ನ್ಯಾಯ ಸಂಹಿತೆಯ 85, ಮೂರು ವರ್ಷದ ಮಟ ಶಿಕ್ಷಾ. ಹೊಡೆದದ್ದು ಹೊರದೇಶದಾಗ ಇದ್ದದ್ದಕ್ಕ ವಿಚಾರಣೆ ನಡಸಾಕ ಕೇಂದ್ರ ಸರ್ಕಾರದ ಮಂಜೂರಾತಿ ಬೇಕು, ಅಲ್ಲಿ ತಡಾ ಆಗ್ತದ. ಕೌಟುಂಬಿಕ ಹಿಂಸೆ ಅರ್ಜೀನ್ನ 60 ದಿನದಾಗ ಮುಗಸಾಕ ನೋಡ್ರಿ ಅಂತ ಕಾಯ್ದೆ ಹೇಳ್ತದ. ಕೋರ್ಟಿನ ಕಟ್ಟಿ ಮ್ಯಾಲ ಕೂತವರು ಅದನ್ನ ಓದಿ ನಗ್ತಾರ. ಇದನ್ನ ಹಾಸ್ಯ ಜೋಡಿಗೆ ಕೊಡ್ರಿ, ಕರದಂಟುನ ಬೇಡಿಕಿನೂ ತೀರ್ತದ.

ಇಳಕಲ್ ಸೆರಗು

ಆಕಿ ಸಾಂಬ್ರಾದಾಗ ಇಳದಾಗ ಅವ್ವ ಮೊದಲ ಏನ್ ಕೇಳ್ತಾಳ ಅನ್ನೂದು ಬರದಿರೇನ್ರಿ? "ಯಾಕ ಬಂದಿ" ಅಂತ ಕೇಳಬಾರದು. ಉಂಡೀಯೇನು ಅಂತ ಕೇಳಲಿ.

ರಬಕವಿ ಮಗ್ಗ

ಹೆಸರು ಬದಲಾ ಮಾಡ್ರಿ ಮತ್ತ. ರಾಣಿ ಇಲ್ಲ, ಋಣ ಇಲ್ಲ.

ಮುಧೋಳ ತಾಲೀಮು

"ಸತ್ತ ಆಕಳು ಕರ ಹಾಕಿತು ಅರ್ಥಾತ್ ಹೊಸ್ತಿಲು ದಾಟಿದ ಗೌರಿ". ಸಂಘದಾವ್ರು ಒಪ್ಪ್ಯಾರ. ಆದ್ರ ಹೊಸ ತಕರಾರು ಎದ್ದೈತಿ. ಮೊದಲ ಇಬ್ಬರು ಕಲಾವಿದೆಯರ ಲೆಕ್ಕ ಇತ್ತು, ಗೌರಿ ಒಬ್ಬಾಕಿ, ಹಾಸ್ಯಕ್ಕ ಒಬ್ಬಾಕಿ. ಈಗ ಅವ್ವ ಬಂದ್ಳು, ರಾಯಭಾರಿ ಬಾಯಿ ಬಂದ್ಳು. ನಾಕ ಮಂದಿನ್ನ ಕರಸೂ ತಾಕತ್ತು ಸಂಘಕ್ಕಿಲ್ಲ. ಮತ್ತ ಹೆಚ್ಚಿನ ದೇಣಿಗಿ ಕೊಟ್ಟಾಂವ ನಾಯಕನ ಪಾರ್ಟು ಹಿಡದಿದ್ದ. ಫೈಟ್ ಇಲ್ಲ, ಫೋನ್ ಅಷ್ಟ ಅಂತ ಕೇಳಿ ಮುನಿಸ್ಕೊಂಡಾನ.

ಬಣ್ಣದಾಕಿ

ಅಂವಗ ಅಪ್ಪನ ಪಾರ್ಟು ಕೊಡ್ರಿ. ಆಹೇರಿ ಅಪ್ಪಗ ಹೆಚ್ಚು ಬೀಳತೈತಿ ಅಂತ ಹೇಳ್ರಿ, ಸುಳ್ಳಲ್ಲ ಅದು.

ಅವ್ವ ಮತ್ತ ರಾಯಭಾರಿ ಬಾಯಿ ಎರಡೂ ನಾ ಮಾಡ್ತೀನಿ, ಗೌರಿಗೆ ನನಗಿಂತ ಸಣ್ಣಾಕಿನ್ನ ಕರಸ್ರಿ, ಗದಗಿನ್ಯಾಗ ಒಬ್ಬಾಕಿ ಚಲೋ ಹಾಡ್ತಾಳ. ಎರಡು ಪಾರ್ಟಿಗೆ ಒಂದೂವರಿ ಪಗಾರ ತಗೋತೀನಿ. ಸೀರಿ ಬದಲಾ ಮಾಡಾಕ ನನಗ ಒಂದು ಪೂರಾ ಹಾಡಿನಷ್ಟು ಹೊತ್ತು ಬೇಕು.

ಪೇಟಿ ಮಾಸ್ತರ

ಹಾಡು ಮುಗದ್ರೂ ನೀ ಬರಲಿಲ್ಲಂದ್ರ ಪಲ್ಲವಿ ತಿರುಗಸ್ತೀನಿ. ಸೈಡ್ ವಿಂಗಿನಿಂದ ಬಳಿ ಸಪ್ಪಳ ಮಾಡು, ನಿಲ್ಲಸ್ತೀನಿ. ಅಮಾಸಿ ಮರುದಿನ ತಾಲೀಮು ಸುರು, ಬರೂ ಮುಂದ ಎಲ್ಲಾರೂ ಮೊದಲನೇ ಅಂಕ ಬಾಯಿಪಾಠ ಮಾಡ್ಕೊಂಡು ಬರ್ರಿ.